ಒಂದು ಲಕ್ಷದ ದೆವ್ವ: ಮಂಡ್ಯ–ಮೈಸೂರು ಕಡೆ ಹಾರರ್ ಕಿರುಚಿತ್ರ ಮಾಡುವವರಿಗೆ

ಕಡಿಮೆ ದುಡ್ಡಿನ ದೆವ್ವದ ಸಿನಿಮಾ ನೋಡಿ ಹೊರಗೆ ಬಂದವರು ಎರಡು ಥರ ಬೈಯುತ್ತಾರೆ. ‘ಕೊನೇತನಕ ಕಾದ್ರೂ ದೆವ್ವಾನೇ ತೋರಿಸ್ಲಿಲ್ಲ’ ಅನ್ನುವುದು ಒಂದು. ‘ತೋರಿಸಿ ಎಲ್ಲಾ ಕೆಡಿಸ್ಬುಟ್ಟ’ ಅನ್ನುವುದು ಇನ್ನೊಂದು. ಒಂದೇ ಸಿನಿಮಾಕ್ಕೆ, ಒಂದೇ ಆಟದಲ್ಲಿ, ಎರಡೂ ಬೈಗುಳ ಬೀಳುವುದುಂಟು.

ಇದು ನಮ್ಮೂರ ಕಾಯಿಲೆಯೇನಲ್ಲ. 1999ರಲ್ಲಿ ಬಂದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಹತ್ತಾರು ಸಾವಿರ ಡಾಲರಿನಲ್ಲಿ ಚಿತ್ರೀಕರಣ ಮುಗಿಸಿ, ಜಗತ್ತಿನಾದ್ಯಂತ 24 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅದೇ ಚಿತ್ರಕ್ಕೆ ಅಮೆರಿಕದ ಸಿನಿಮಾಸ್ಕೋರ್ ಸಂಸ್ಥೆ ಥಿಯೇಟರಿಂದ ಹೊರಬರುವವರನ್ನು ಕೇಳಿದಾಗ ಸಿಕ್ಕಿದ್ದು ಬರೀ ಸಿ ಪ್ಲಸ್ ದರ್ಜೆ. ಓರೆನ್ ಪೇಲಿ 2006ರಲ್ಲಿ ಸ್ಯಾನ್ ಡಿಯಾಗೋದ ತಮ್ಮ ಸ್ವಂತ ಮನೆಯಲ್ಲಿ ಸುಮಾರು 15,000 ಡಾಲರಿಗೆ ತೆಗೆದ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯನ್ನೂ ಜನ ಹೀಗೇ ಎರಡು ಪಾಲು ಮಾಡಿಕೊಂಡು ನೋಡಿದರು: ಮಲಗುವ ಕೋಣೆಯ ಅಲುಗಾಡದ ಶಾಟ್ ಕೆಲವರಿಗೆ ನಿದ್ದೆ ಬರಿಸಿತು, ಕೆಲವರಿಗೆ ವಾರಗಟ್ಟಲೆ ನಿದ್ದೆ ಕೆಡಿಸಿತು. ಕನ್ನಡದಲ್ಲಿ 2013ರ ‘6-5=2’ ಹೊಸಮುಖಗಳನ್ನೇ ಇಟ್ಟುಕೊಂಡು, ಕಾಡಿನಲ್ಲಿ ಸಿಕ್ಕ ಕ್ಯಾಮೆರಾದ ದೃಶ್ಯ ಅನ್ನುವ ಕಟ್ಟಿನಲ್ಲೇ ಜನರನ್ನು ಎಳೆಯಿತು.

ಎಲ್ಲರನ್ನೂ ಮೆಚ್ಚಿಸಲು ಹೊರಟರೆ ಇದ್ದ ದುಡ್ಡು ಎರಡು ಪಾಲಾಗಿ ಎರಡೂ ಕಡೆ ಸಾಲದಾಗುತ್ತದೆ. ಮೊದಲ ಮೂರು ನಿಮಿಷದಲ್ಲೇ ನೋಡುವವರಿಗೆ ಒಂದು ಮಾತು ಕೊಡಬೇಕು: ಇದು ಕಾಯಿಸುವ ಸಿನಿಮಾ, ಅಥವಾ ಇದು ಬೆಚ್ಚಿಬೀಳಿಸುವ ಸಿನಿಮಾ. ಕೊಟ್ಟ ಮಾತಿಗೆ ಕೊನೇತನಕ ನಡೆದುಕೊಂಡರೆ ಅರ್ಧ ಜನವಾದರೂ ನಿಮ್ಮವರಾಗುತ್ತಾರೆ. ಒಂದು ಲಕ್ಷ ರೂಪಾಯಿ, ಇಪ್ಪತ್ತು ನಿಮಿಷದ ಚಿತ್ರ, ಹನ್ನೊಂದು ಜನ, ಐದು ರಾತ್ರಿ — ಇಷ್ಟರಲ್ಲಿ ಕಾಯಿಸುವ ಸಿನಿಮಾ ಚೆನ್ನಾಗಿ ಆಗುತ್ತದೆ, ಬೆಚ್ಚಿಬೀಳಿಸುವುದು ಸಾಧಾರಣವಾಗಿ ಆಗುತ್ತದೆ. ಮುಂದಿನದೆಲ್ಲ ಕಾಯಿಸುವ ಸಿನಿಮಾದ ಲೆಕ್ಕ.

ದೆವ್ವಕ್ಕೆ ಕಾನೂನು ಬರೆಯಿರಿ

ಚಿತ್ರಕಥೆಗೆ ಮೊದಲು ಒಂದೇ ಪುಟದಲ್ಲಿ ದೆವ್ವದ ನಿಯಮ ಬರೆದಿಡಿ. ಅದು ಯಾವಾಗ ಬರುತ್ತದೆ, ಎಲ್ಲಿಯವರೆಗೆ ಬರಬಲ್ಲದು, ಏನು ಮಾಡಲಾರದು. ಮಾಡಲಾರದ್ದೇ ಮುಖ್ಯ. ಎಲ್ಲವನ್ನೂ ಮಾಡಬಲ್ಲ ದೆವ್ವ ಹನ್ನೆರಡನೇ ನಿಮಿಷದವರೆಗೆ ಸುಮ್ಮನಿದ್ದದ್ದು ಯಾಕೆ ಅನ್ನುವ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

1990ರ ದಶಕದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಬರೆಯುತ್ತಿದ್ದ ನಂಬಿಕೆಯನ್ನೇ ನೋಡಿ. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ, ಬೇಕಾದವರ ದನಿಯಲ್ಲೇ ಕೂಗುತ್ತದೆ, ಬಾಗಿಲು ತೆಗೆದರೆ ಮಾತ್ರ ಅಪಾಯ, ಬರಹ ಓದಿದರೆ ವಾಪಸು ಹೋಗುತ್ತದೆ. ಮುಖ ಬೇಡ, ಮೇಕಪ್ಪು ಬೇಡ, ಒಂದು ದನಿ ಮತ್ತು ಒಂದು ಚಿಲಕ ಸಾಕು. ಈ ಕತೆಯನ್ನೇ ಎತ್ತಿಕೊಳ್ಳಬೇಡಿ, ಸಿನಿಮಾದವರು ಅದನ್ನು ಆಗಲೇ ಬಳಸಿಯಾಗಿದೆ. ಅದರ ಕಟ್ಟು ಕಲಿಯಿರಿ: ಒಂದು ಗಡಿ, ಒಂದು ಆಮಿಷ, ದಾಟಬೇಕಾದವರು ನಾವೇ. ನಿಮ್ಮ ನಿಯಮ ಚಿತ್ರದಲ್ಲಿ ಒಮ್ಮೆ ಬಾಯಲ್ಲಿ ಬರಲಿ, ಒಮ್ಮೆ ಕಣ್ಣಿಗೆ ಬೀಳಲಿ, ಕೊನೆಗೊಮ್ಮೆ ಮುರಿಯಲಿ. ಮೂರಕ್ಕಿಂತ ಹೆಚ್ಚು ಸಲ ವಿವರಿಸಿದರೆ ಅದು ಪುರಾಣ ಪ್ರವಚನ.

ಮಂಡ್ಯದ ಮಾತಿಗೆ ಒಂದು ತೊಡಕಿದೆ. ನಮ್ಮ ಸಿನಿಮಾಗಳು ‘ಏನ್ಲಾ, ಎತ್ಲಾಗ್ ಹೊಂಟೆ’ಯನ್ನು ವರ್ಷಗಟ್ಟಲೆ ನಗಿಸುವುದಕ್ಕೇ ಬಳಸಿವೆ, ಹಾಗಾಗಿ ಆ ದನಿ ಕೇಳಿದೊಡನೆ ಥಿಯೇಟರಿನಲ್ಲಿ ನಗೆ ಏಳುತ್ತದೆ. ಅದಕ್ಕೆ ಹೆದರಿ ಪುಸ್ತಕದ ಕನ್ನಡ ಬರೆಯಬೇಡಿ, ಅದು ಇನ್ನೂ ಸುಳ್ಳು ಕೇಳಿಸುತ್ತದೆ. ಮಾತು ಚಿಕ್ಕದಿರಲಿ, ಮನೆಗೆಲಸದ ನಡುವೆ ಬರಲಿ.

‘ಅವ್ವ, ಹಿತ್ಲ ಬಾಗ್ಲು ಹಾಕ್ದಾ?’
‘ಆಗ್ಲೇ ಹಾಕ್ದೆ ಕಣ್ ಮಗ.’
‘ಅಗಳಿ?’
‘ಅದ್ನೂವೆ.’

ಇದಾದ ಮೇಲೆ ಒಂದೂವರೆ ನಿಮಿಷ ಅವ್ವ ಸೊಪ್ಪು ಬಿಡಿಸುತ್ತ ಕೂತಿರಲಿ. ಅವಳ ಬೆನ್ನ ಹಿಂದೆ ಬಾಗಿಲು ತೆರೆದಿದೆ ಅನ್ನುವುದನ್ನು ಯಾರೂ ಹೇಳಬೇಕಾಗಿಲ್ಲ. ಬಿಳಿ ಸೀರೆ, ಬಿಚ್ಚಿದ ಕೂದಲು, ಗೆಜ್ಜೆ ಸದ್ದು ಮೂರನ್ನೂ ಪೆಟ್ಟಿಗೆಗೆ ಹಾಕಿ ಬೀಗ ಹಾಕಿ, ಮುಂದಿನ ಸಾಲಿನಿಂದ ಶಿಳ್ಳೆ ಬರುವುದು ಅವುಗಳಿಗೇ.

ಮೈಮೇಲೆ ಬರುವುದು, ಬಿಡಿಸುವುದು ಕತೆಯಲ್ಲಿದ್ದರೆ ಒಂದು ಎಚ್ಚರ. ಕಾಯಿಲೆಯವರನ್ನು ದೆವ್ವ ಹಿಡಿದವರೆಂದು ಹೊಡೆಯುವುದು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅಪರಾಧ. ಬೇವಿನ ಸೊಪ್ಪಿನ ಏಟನ್ನು ಮದ್ದಿನಂತೆ ತೋರಿಸುವ ದೃಶ್ಯ ಬರೆಯಬೇಡಿ. ಅದು ಹೆದರಿಸುವುದೂ ಇಲ್ಲ.

ದುಡ್ಡಿನ ಪಾಲು

ಒಂದು ಲಕ್ಷದಲ್ಲಿ ಸದ್ದಿಗೆ 30,000 ಎತ್ತಿಡಿ: ರೆಕಾರ್ಡರ್ ಮತ್ತು ಮೈಕಿನ ಬಾಡಿಗೆ, ಕೊನೆಯ ಮಿಕ್ಸಿಂಗ್ ಎಲ್ಲ ಸೇರಿ. ಊಟ, ಟೀ 15,000. ಲೈಟಿನ ಬಾಡಿಗೆ 12,000. ಮನೆಯ ಬಾಡಿಗೆ 10,000. ಓಡಾಟ 8,000. ಎರಡು ಹಾರ್ಡ್ ಡಿಸ್ಕಿಗೆ 8,000. ರಕ್ತ, ಬಟ್ಟೆ, ಮೇಕಪ್ಪಿಗೆ 7,000. ಉಳಿದ 10,000 ಮುಟ್ಟಬೇಡಿ, ಐದನೇ ರಾತ್ರಿ ಮಳೆ ಬಂದರೆ ಆರನೇ ರಾತ್ರಿಗೆ ಅದು ಬೇಕು. ಕ್ಯಾಮೆರಾಕ್ಕೆ ಕಾಸಿಲ್ಲವೇ ಅಂದರೆ, ಇಲ್ಲ. ತಂಡದಲ್ಲಿ ಯಾರದೋ ಒಳ್ಳೆ ಫೋನೋ ಮಿರರ್‌ಲೆಸ್ ಕ್ಯಾಮೆರಾವೋ ಇದ್ದೇ ಇರುತ್ತದೆ. ಮೂವತ್ತು ಸಾವಿರ ಕ್ಯಾಮೆರಾ ಬಾಡಿಗೆಗೆ ಹಾಕಿ ಫೋನಿನ ಮೈಕಿನಲ್ಲಿ ಸದ್ದು ಹಿಡಿದ ಚಿತ್ರ ಯಾರನ್ನೂ ಹೆದರಿಸುವುದಿಲ್ಲ. ಇದರ ತಿರುವುಮುರುವು ಹೆದರಿಸುತ್ತದೆ.

ಹಳೇ ಮನೆ, ಕಬ್ಬಿನ ಗದ್ದೆ, ಆಲೆಮನೆ

ಮೈಸೂರಿನ ಹಳೇ ಅಗ್ರಹಾರದ ಮನೆಗಳಲ್ಲಿ, ಶ್ರೀರಂಗಪಟ್ಟಣ, ಪಾಂಡವಪುರ ಕಡೆಯ ತೊಟ್ಟಿಮನೆಗಳಲ್ಲಿ ಬೆಳಕು ಮೇಲಿಂದ ಬೀಳುತ್ತದೆ, ಸುತ್ತ ಕಂಬ, ಆಚೆ ಕತ್ತಲೆ ಪಡಸಾಲೆ. ಸೆಟ್ ಹಾಕಿದರೂ ಹೀಗೆ ಸಿಗುವುದಿಲ್ಲ. ಆದರೆ ಮನೆಯವರಿಗೆ ಒಂದೇ ಭಯ: ನಾಳೆ ಊರೆಲ್ಲ ‘ದೆವ್ವದ ಮನೆ’ ಅಂದರೆ ಬಾಡಿಗೆಗೆ ಯಾರು ಬರುತ್ತಾರೆ? ಮನೆಯ ಮುಂಭಾಗ, ಬಾಗಿಲ ನಂಬರು, ಬೀದಿಯ ಹೆಸರು ತೋರಿಸುವುದಿಲ್ಲವೆಂದು ಕಾಗದದಲ್ಲೇ ಬರೆದುಕೊಡಿ. ದೇವರ ಕೋಣೆಗೆ ಹೋಗಬೇಡಿ, ಹೊಸಿಲ ಮೇಲೆ ಬಣ್ಣದ ರಕ್ತ ಚೆಲ್ಲಬೇಡಿ. ಕೊನೇ ದಿನ ಒಂದು ಬೂದುಗುಂಬಳ ಒಡೆದು ಬಂದರೆ ಮುಂದಿನ ತಂಡಕ್ಕೂ ಬಾಗಿಲು ತೆರೆದಿರುತ್ತದೆ. ಶ್ರೀರಂಗಪಟ್ಟಣದ ಸ್ಮಾರಕಗಳಲ್ಲಿ ಹಲವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಅನುಮತಿ ಇಲ್ಲದೆ ಅಲ್ಲಿ ಟ್ರೈಪಾಡ್ ಬಿಚ್ಚಬೇಡಿ, ಒಂದು ಲಕ್ಷದ ಚಿತ್ರಕ್ಕೆ ಆ ಓಡಾಟ ಕಟ್ಟುವುದೂ ಇಲ್ಲ.

ಕಬ್ಬಿನ ಗದ್ದೆ ಮಂಡ್ಯದವರಿಗೆ ಪುಕ್ಕಟೆ ಸಿಕ್ಕ ಕಾಡು. ಎಂಟು ತಿಂಗಳು ದಾಟಿದ ಕಬ್ಬು ಆಳೆತ್ತರ ಮೀರಿರುತ್ತದೆ, ಎರಡು ಸಾಲು ಒಳಗೆ ಹೋದರೆ ದಿಕ್ಕು ತಪ್ಪುತ್ತದೆ. ಗದ್ದೆಯ ಯಜಮಾನರಿಗೆ ಮೂರು ಪ್ರಶ್ನೆ ಕೇಳಿಯೇ ದಿನ ಗೊತ್ತು ಮಾಡಿ. ಕಟಾವು ಯಾವಾಗ? ಕಾರ್ಖಾನೆಯಿಂದ ಕಡಿಯುವ ಆದೇಶ ಬಂದರೆ ನಿಮ್ಮ ಮೂರನೇ ರಾತ್ರಿಯ ಹೊತ್ತಿಗೆ ಗದ್ದೆ ಬಯಲಾಗಿರುತ್ತದೆ, ಅರ್ಧ ದೃಶ್ಯ ಕೈಬಿಟ್ಟಂತೆ. ನೀರು ಯಾವತ್ತು ಹಾಯಿಸುತ್ತೀರಿ? ಹಿಂದಿನ ದಿನ ನೀರು ಬಿಟ್ಟ ಗದ್ದೆಯಲ್ಲಿ ಟ್ರೈಪಾಡ್ ಕಾಲು ಹೂತುಕೊಳ್ಳುತ್ತದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆ? ಬಂದೊಡನೆ ಸುತ್ತಲಿನ ಮೋಟರೆಲ್ಲ ಒಟ್ಟಿಗೆ ಶುರುವಾಗಿ ಸದ್ದಿನ ಕೆಲಸ ನಿಲ್ಲುತ್ತದೆ.

ಕಬ್ಬಿನ ಗರಿ ಬ್ಲೇಡಿನಂತೆ ಕೊಯ್ಯುತ್ತದೆ, ಓಡುವ ದೃಶ್ಯಕ್ಕೆ ಉದ್ದ ತೋಳಿನ ಬಟ್ಟೆ ಇರಲಿ. ಹಾವು ಹೇಗೂ ಇರುತ್ತದೆ, ಗಮ್‌ಬೂಟು ಕಡ್ಡಾಯ. ಮಂಡ್ಯ, ಟಿ. ನರಸೀಪುರ ಕಡೆ ಕಬ್ಬಿನೊಳಗೆ ಚಿರತೆ ಮರಿ ಹಾಕುವುದು ಈಗ ಹೊಸ ಸುದ್ದಿಯಲ್ಲ. ಹಗಲಲ್ಲೇ ಊರವರನ್ನು ಕೇಳಿ, ಸುಳಿವಿದ್ದರೆ ಆ ಗದ್ದೆ ಬಿಡಿ. ಇಲ್ಲದಿದ್ದರೂ ಅಂಚಿನಿಂದ ಮೂರು ಸಾಲಿಗಿಂತ ಒಳಗೆ ಹೋಗಬೇಕಿಲ್ಲ. ಕ್ಯಾಮೆರಾ ಬದಿಗೆ ತಿರುಗಿಸಿದರೆ ಮೂರು ಸಾಲೇ ಮೂವತ್ತು ಎಕರೆಯಂತೆ ಕಾಣುತ್ತದೆ. ಒಣಗಿದ ತರಗಿನ ಹತ್ತಿರ ಪಂಜು, ಬೀಡಿ ಎರಡೂ ಬೇಡ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿಯ ಮೇಲೆ ರಾತ್ರಿ ಶೂಟಿಂಗ್ ಬೇಡವೇ ಬೇಡ, ತಡೆಗೋಡೆ ಇಲ್ಲದ ಕಡೆ ವಾಹನ ಬಿದ್ದು ಜನ ಸತ್ತ ದಾರಿ ಅದು.

ಅಕ್ಕಪಕ್ಕದ ಮನೆಯವರಿಗೆ, ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿಡಿ. ರಾತ್ರಿ ಒಂದು ಗಂಟೆಗೆ ಗದ್ದೆ ಬದುವಿನ ಮೇಲೆ ಮಸಿ ಮುಖದ ಹೆಂಗಸು ನಿಂತದ್ದನ್ನು ಕಂಡವರು ಮೊದಲು ಓಡುತ್ತಾರೆ, ಆಮೇಲೆ ದೊಣ್ಣೆ ಹಿಡಿದು ಹತ್ತು ಜನ ಬರುತ್ತಾರೆ.

ಆಲೆಮನೆಯನ್ನು ಯಾಕೋ ಯಾರೂ ಸರಿಯಾಗಿ ಬಳಸಿಲ್ಲ. ಕುದಿಯುವ ಕೊಪ್ಪರಿಗೆಯಿಂದ ಏಳುವ ಹಬೆ ಯಾವ ಫಾಗ್ ಮೆಷೀನಿಗೂ ಕಡಿಮೆಯಿಲ್ಲ, ಒಲೆಯ ಬಾಯಿಂದ ಬರುವ ಕಿತ್ತಳೆ ಬೆಳಕು ಮುಖವನ್ನು ಕೆಳಗಿಂದ ಬೆಳಗುತ್ತದೆ. ಆದರೆ ಹದಕ್ಕೆ ಬಂದ ಪಾಕ ಕುದಿಯುವ ನೀರಿಗಿಂತಲೂ ಬಿಸಿ, ಮೈಗೆ ಅಂಟಿಕೊಂಡು ಸುಡುತ್ತದೆ. ಒಲೆ ಉರಿಯುವಾಗ ನಟರು ಕೊಪ್ಪರಿಗೆಯಿಂದ ಆರಡಿ ದೂರವಿರಲಿ, ಲೆನ್ಸ್ ಉದ್ದದ್ದು ಹಾಕಿದರೆ ಹತ್ತಿರವಿದ್ದಂತೆ ಕಾಣುತ್ತದೆ. ಚಳಿಯ ರಾತ್ರಿ ಹೊರಗಿಂದ ಒಳಗೆ ತಂದ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ. ಕ್ಯಾಮೆರಾವನ್ನು ಚೀಲದೊಳಗೇ ಇಟ್ಟು ಇಪ್ಪತ್ತು ನಿಮಿಷ ಒಳಗೆ ಬಿಟ್ಟು ಆಮೇಲೆ ತೆಗೆಯಿರಿ.

ಕತ್ತಲೆಗೂ ಬೆಳಕು ಬೇಕು

ಹೊಸಬರ ಹಾರರ್ ಚಿತ್ರಗಳಲ್ಲಿ ಕಾಣುವ ದೊಡ್ಡ ತಪ್ಪು, ಕತ್ತಲೆ ಬೇಕೆಂದು ಲೈಟು ಆರಿಸುವುದು. ಆಗ ಕ್ಯಾಮೆರಾ ಐಎಸ್‌ಒ, ಅಂದರೆ ಬೆಳಕು ಹಿಡಿಯುವ ಸೂಕ್ಷ್ಮತೆ, ಏರಿಸಿಕೊಳ್ಳುತ್ತದೆ, ಕಪ್ಪಿನಲ್ಲಿ ಕಾಳು ಕಾಳು ಕುಣಿಯುತ್ತದೆ, ಯೂಟ್ಯೂಬಿಗೆ ಹಾಕಿದ ಮೇಲೆ ಅದು ಚೌಕ ಚೌಕವಾಗಿ ಒಡೆಯುತ್ತದೆ. ಪೂರ್ತಿ ಕಪ್ಪಾದ ಮೂಲೆಯಲ್ಲಿ ದೆವ್ವ ಇರಲಾರದು, ಏಕೆಂದರೆ ನೋಡುವವರ ಕಣ್ಣು ಅಲ್ಲಿ ಹುಡುಕುವುದೇ ಇಲ್ಲ. ಮುಖದ ಮೇಲೆ ಕಡಿಮೆ ಬೆಳಕು, ಹಿಂದಿನ ಗೋಡೆಯ ಮೇಲೆ ಅದಕ್ಕಿಂತ ಸ್ವಲ್ಪ ಹೆಚ್ಚು. ಆಗ ಮನುಷ್ಯನ ಆಕಾರ ಕತ್ತರಿಸಿದಂತೆ ನಿಲ್ಲುತ್ತದೆ, ಅವನ ಹಿಂದಿನ ಬಾಗಿಲಿನ ಮೇಲೆ ಎಲ್ಲರ ಕಣ್ಣೂ ಇರುತ್ತದೆ.

ಸೆಟ್ಟಿಂಗ್ ಹೀಗಿರಲಿ: ಸೆಕೆಂಡಿಗೆ 25 ಫ್ರೇಮು, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) ಸೆಕೆಂಡಿನ 1/50. ನಮ್ಮ ಕರೆಂಟು 50 ಹರ್ಟ್ಸ್, ಈ ಶಟರಿನಲ್ಲಿ ಮನೆಯ ಬಲ್ಬು ಮಿಣುಕುವುದಿಲ್ಲ. ಅಗ್ಗದ ಎಲ್‌ಇಡಿ ಬಲ್ಬನ್ನು ಡಿಮ್ಮರಿಗೆ ಹಾಕಿದರೆ ಮಾತ್ರ ಪರದೆ ಮೇಲೆ ಪಟ್ಟಿ ಓಡುತ್ತದೆ. ಡಿಮ್ ಮಾಡುವ ಬದಲು ಬಲ್ಬಿಗೆ ಎಣ್ಣೆ ಕಾಗದ ಮರೆ ಮಾಡಿ, ಅಥವಾ ದೂರ ಇಡಿ. ಫೋನಾದರೆ ಮುಖ್ಯ ಲೆನ್ಸ್ ಮಾತ್ರ ಬಳಸಿ, ಅಗಲದ ಲೆನ್ಸ್ ರಾತ್ರಿಗೆ ಆಗದು. ಫೋಕಸ್, ಶಟರ್, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಕ್ಯಾಮೆರಾ ಹೊಂದಿಸುವುದು) ಮೂರನ್ನೂ ಲಾಕ್ ಮಾಡುವ ಆ್ಯಪ್ ಬೇಕು, ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತವಾಗಿಯೇ ಸಿಗುತ್ತದೆ.

ಬೆಳದಿಂಗಳು ಬೇಕಾದರೆ 5600 ಕೆಲ್ವಿನ್ನಿನ ಎಲ್‌ಇಡಿಯನ್ನು ನಟರ ಹಿಂದೆ ಹನ್ನೆರಡರಿಂದ ಹದಿನೈದು ಅಡಿ ಎತ್ತರಕ್ಕೆ ಏರಿಸಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು 4000 ಕೆಲ್ವಿನ್ನಿಗೆ ಇಡಿ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ). ತಾರಸಿ ಇಲ್ಲದ ಕಡೆ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಸ್ಟ್ಯಾಂಡ್ ಕಟ್ಟಬಹುದು. ನೀಲಿ ತುಸುವೇ ಸಾಕು. ಕಡುನೀಲಿ ಕಂಡ ತಕ್ಷಣ ಹಳೇ ಧಾರಾವಾಹಿ ನೆನಪಾಗುತ್ತದೆ. ಗದ್ದೆಯ ದೊಡ್ಡ ಶಾಟ್‌ಗಳನ್ನು ರಾತ್ರಿ ಬೆಳಗಿಸುವಷ್ಟು ಲೈಟು ನಿಮ್ಮಲ್ಲಿಲ್ಲ. ಅವನ್ನು ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷದಲ್ಲೇ ತೆಗೆಯಿರಿ. ಡಿಸೆಂಬರಿನಲ್ಲಿ ಈ ಕಡೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಜೂನ್ ಕೊನೆಯಲ್ಲಿ ಏಳಕ್ಕೆ ಹತ್ತು ನಿಮಿಷವಿರುವಾಗ. ಆ ಹೊತ್ತಿಗೆ ಎರಡು ಶಾಟ್ ಆಗುತ್ತದೆ, ಮೂರನೆಯದಕ್ಕೆ ಆಸೆ ಪಡಬೇಡಿ.

ಕೈಯಲ್ಲೇ ಮಾಡುವ ಮಾಯ

ರಕ್ತಕ್ಕೆ ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ 400 ಗ್ರಾಂ, ಬಿಸಿನೀರು 100 ಮಿಲಿ, ಕೆಂಪು ಫುಡ್ ಕಲರ್ ಒಂದು ಚಮಚ, ಕೋಕೋ ಪುಡಿ ಒಂದೂವರೆ ಚಮಚ, ಹಸಿರು ಬಣ್ಣ ಎರಡೇ ಹನಿ. ಕೋಕೋವನ್ನು ಮೊದಲು ಬಿಸಿನೀರಿನಲ್ಲಿ ಕಲಸಿ, ಇಲ್ಲದಿದ್ದರೆ ಗಂಟು ಗಂಟು. ಎಲ್‌ಇಡಿ ಬೆಳಕಿನಲ್ಲಿ ಗುಲಾಬಿಯಾಗಿ ಕಂಡರೆ ಕೋಕೋ ಸಾಲದು. ಬಟ್ಟೆಗೆ ಹಾಕುವ ರಕ್ತಕ್ಕೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ ಸೇರಿಸಿದರೆ ಕಲೆ ಸ್ವಲ್ಪ ಸುಲಭವಾಗಿ ಹೋಗುತ್ತದೆ, ಬಾಯಿಗೆ ಹೋಗುವುದಕ್ಕೆ ಸೇರಿಸಬೇಡಿ. ಮಂಡ್ಯದಲ್ಲಿ ಜೋನಿಬೆಲ್ಲ ಸುಲಭಕ್ಕೆ ಸಿಗುತ್ತದೆಂದು ಅದಕ್ಕೆ ಬಣ್ಣ ಹಾಕುವವರಿದ್ದಾರೆ. ಹತ್ತು ನಿಮಿಷಕ್ಕೆ ಇರುವೆ, ಹಗಲಾದರೆ ನೊಣ, ಹೆಣದ ಪಾತ್ರದವರು ಎದ್ದು ಓಡುತ್ತಾರೆ. ಗ್ಲೂಕೋಸಿಗೂ ಇರುವೆ ಬರುತ್ತದೆ, ಆದರೆ ತಡವಾಗಿ. ನೆಲದ ಮೇಲೆ ಬಕೆಟ್‌ಗಟ್ಟಲೆ ಬೇಕಾದರೆ ಆರತಿ ನೀರಿನ ಉಪಾಯವೇ ಅಗ್ಗ: ಅರಿಶಿನದ ನೀರಿಗೆ ಸುಣ್ಣ. ದೂರದ ಶಾಟಿಗೆ ಮಾತ್ರ, ಹತ್ತಿರದಲ್ಲಿ ಕಿತ್ತಳೆ ಹೊಡೆಯುತ್ತದೆ. ಸುಣ್ಣ ಕಣ್ಣಿಗೆ ಅಪಾಯ, ನಟರ ಮುಖಕ್ಕೆ ತಾಗಿಸಬೇಡಿ. ಅಗ್ಗದ ಬಿಳಿ ಕಾಂಟ್ಯಾಕ್ಟ್ ಲೆನ್ಸ್ ಕೂಡ ಬೇಡ, ದೂಳಿನ ಗದ್ದೆಯಲ್ಲಿ ಕಣ್ಣು ಕೆಡುತ್ತದೆ.

ತಾನಾಗಿ ಸರಿಯುವ ಕುರ್ಚಿಗೆ ಗಾಳದ ನೈಲಾನ್ ದಾರ, 0.25 ಮಿ.ಮೀ. ದಪ್ಪದ್ದು. ಕುರ್ಚಿಯ ಕಾಲಿಗೆ ನೆಲದಿಂದ ಎರಡು ಇಂಚು ಮೇಲೆ ಕಟ್ಟಿ. ಬೆನ್ನಿಗೆ ಕಟ್ಟಿ ಎಳೆದರೆ ಸರಿಯುವ ಬದಲು ಮಗುಚುತ್ತದೆ. ಹಳೇ ಮನೆಯ ರೆಡ್ ಆಕ್ಸೈಡ್ ನೆಲ ಇದಕ್ಕೆಂದೇ ಮಾಡಿದ ಹಾಗಿರುತ್ತದೆ, ಕಾಲಡಿ ದಪ್ಪ ಬಟ್ಟೆ ಅಂಟಿಸಿದರೆ ಸದ್ದಿಲ್ಲದೆ ಜಾರುತ್ತದೆ. ದಾರ ಮೊದಲೇ ಬಿಗಿಯಾಗಿರಲಿ, ಸಡಿಲವಿದ್ದರೆ ಕುರ್ಚಿ ಜಗ್ಗಿದಂತೆ ಹೊರಟು ಗುಟ್ಟು ರಟ್ಟಾಗುತ್ತದೆ. ಹಿಂದಿನಿಂದ ಬೆಳಕು ಬಿದ್ದರೆ ದಾರ ಮಿಂಚುತ್ತದೆ, ಕಪ್ಪು ಮಾರ್ಕರ್ ಬಳಿಯಿರಿ.

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಗಾಜು. 1862ರಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ಕಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ರಂಗದ ಮೇಲೆ ತೋರಿಸಿದ ಉಪಾಯ ಇದು, ಇವತ್ತಿಗೂ ಹಳೆಯದಾಗಿಲ್ಲ. ಕ್ಯಾಮೆರಾದ ಮುಂದೆ ಎರಡಡಿ ದೂರದಲ್ಲಿ, ಎರಡಡಿ ಚೌಕದ, 3 ಮಿ.ಮೀ. ದಪ್ಪದ ಗಾಜನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಕ್ಯಾಮೆರಾ ಗಾಜಿನ ಮೂಲಕ ಪಡಸಾಲೆಯನ್ನು ನೋಡುತ್ತದೆ. ದೆವ್ವದ ಪಾತ್ರ ಪಕ್ಕದಲ್ಲಿ, ಚೌಕಟ್ಟಿನಾಚೆ, ಕಪ್ಪು ಬಟ್ಟೆಯ ಮುಂದೆ ನಿಲ್ಲುತ್ತದೆ. ಅದರ ಮೇಲಿನ ಲೈಟನ್ನು ನಿಧಾನ ಏರಿಸಿದರೆ ಪಡಸಾಲೆಯ ನಡುವೆ, ಹಿಂದಿನ ಕಂಬ ಕಾಣುವಷ್ಟು ತೆಳ್ಳಗೆ, ಒಬ್ಬಳು ಮೂಡುತ್ತಾಳೆ. ನಟಿ ಗಾಜಿನಿಂದ ಎಷ್ಟು ದೂರ ನಿಂತಿದ್ದಾಳೋ ದೆವ್ವ ಗಾಜಿನಾಚೆ ಅಷ್ಟೇ ದೂರದಲ್ಲಿ ಕಾಣುತ್ತದೆ, ಅಳತೆ ಟೇಪು ಹಿಡಿದೇ ನಿಲ್ಲಿಸಿ, ಇಲ್ಲದಿದ್ದರೆ ಪಾದ ನೆಲಕ್ಕೆ ಕೂರುವುದಿಲ್ಲ. ದಪ್ಪ ಗಾಜು ಜೋಡಿ ಬಿಂಬ ಕೊಡುತ್ತದೆ. ಆಟೋಫೋಕಸ್ ಗಾಜಿನ ದೂಳನ್ನು ಹಿಡಿದುಕೊಂಡು ಕೂರುತ್ತದೆ, ಆಫ್ ಮಾಡಿ. ಬಿಂಬದಲ್ಲಿ ಎಡಬಲ ಅದಲುಬದಲಾಗಿ ಸೀರೆಯ ಸೆರಗು ಬಲ ಭುಜದ ಮೇಲೆ ಬರುತ್ತದೆ. ಹಾಗೇ ಬಿಡಿ. ನೋಡುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನೆಂದು ತಟ್ಟನೆ ಹೊಳೆಯುವುದಿಲ್ಲ.

ಹೊಗೆಗೆ ಸಾಂಬ್ರಾಣಿ ಸಾಕು. ಫ್ಯಾನು ಆರಿಸಿ, ಕೋಣೆಯಲ್ಲಿ ಓಡಾಡಿಸಿ, ಮೂರು ನಾಲ್ಕು ನಿಮಿಷ ಬಿಟ್ಟರೆ ಸುರುಳಿ ಹೋಗಿ ತೆಳು ಪರದೆಯಾಗುತ್ತದೆ, ಅದರ ಹಿಂದಿನಿಂದ ಬೆಳಕು. ಕೆಂಡವನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟು ಕೂರಬೇಡಿ, ಶಾಟ್ ಮುಗಿದೊಡನೆ ಕೆಂಡ ಹೊರಗೆ, ಕಿಟಕಿ ತೆರೆದು. 1989ರ ಫೆಬ್ರವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ಟಿ.ವಿ. ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಜನ ಸತ್ತರು. ಈ ಊರಿನಲ್ಲಿ ಶೂಟಿಂಗ್ ಮಾಡುವವರು ಎರಡು ಬಕೆಟ್ ಮರಳು, ಒಂದು ಬೆಂಕಿ ಆರಿಸುವ ಸಿಲಿಂಡರು, ಬೀಗ ಹಾಕದ ಎರಡು ಬಾಗಿಲು ಇಲ್ಲದೆ ಮೊದಲ ಶಾಟ್ ತೆಗೆಯಬಾರದು.

ಸದ್ದು

ಕಾಯಿಸುವ ಸಿನಿಮಾ ನಿಲ್ಲುವುದೂ ಬೀಳುವುದೂ ಇಲ್ಲೇ. ಕಾಲರ್ ಮೈಕು ಬಟ್ಟೆಯೊಳಗೆ, ಬೂಮ್ (ಉದ್ದ ಕೋಲಿಗೆ ಕಟ್ಟಿದ ಮೈಕು) ತಲೆಯ ಮೇಲೆ, ರೆಕಾರ್ಡರಿನ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಜೋರು ಮಾತು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಿರಲಿ. ಫ್ರಿಜ್ ಆರಿಸಿ, ಆರಿಸಿದವರು ತಮ್ಮ ಬೈಕಿನ ಕೀಲಿಯನ್ನು ಅದರೊಳಗೇ ಇಡಲಿ. ಹೋಗುವಾಗ ಮತ್ತೆ ಹಾಕಲು ಮರೆಯುವುದಿಲ್ಲ, ಮನೆಯವರ ಹಾಲೂ ಕೆಡುವುದಿಲ್ಲ.

ಪ್ರತಿ ಜಾಗದಲ್ಲೂ ಯಾರೂ ಅಲುಗಾಡದೆ ಒಂದು ನಿಮಿಷ ಬರೀ ಆ ಜಾಗದ ಸದ್ದು ಹಿಡಿಯಿರಿ. ಗದ್ದೆಯಲ್ಲಿ ಎರಡು ನಿಮಿಷ. ಜೀರುಂಡೆ ಒಂದು ಶಾಟಿನಲ್ಲಿ ಕೂಗಿ ಇನ್ನೊಂದರಲ್ಲಿ ನಿಂತಿದ್ದರೆ ಎಡಿಟಿಂಗಿನಲ್ಲಿ ಎರಡು ಶಾಟ್ ಸೇರುವ ಪ್ರತಿ ಜಾಗವೂ ಕೇಳಿಸುತ್ತದೆ. ಎರಡು ನಿಮಿಷದ ಈ ಸದ್ದನ್ನು ಅಡಿಯಲ್ಲಿ ಹಾಸಿದರೆ ಮುಚ್ಚಿಹೋಗುತ್ತದೆ. ಅದೇ ಜೀರುಂಡೆಯೇ ನಿಮ್ಮ ದೊಡ್ಡ ಆಯುಧವೂ ಹೌದು: ಹಾಸಿದ್ದನ್ನು ಸರಿಯಾದ ಜಾಗದಲ್ಲಿ ತಟಕ್ಕನೆ ನಿಲ್ಲಿಸಿ. ರಾತ್ರಿ ಗದ್ದೆಯಲ್ಲಿ ನಡೆದವರಿಗೆಲ್ಲ ಗೊತ್ತು, ಹುಳ ಸುಮ್ಮನಾದರೆ ಹತ್ತಿರದಲ್ಲಿ ಏನೋ ಇದೆ ಅಂತ.

ಮೂಳೆ ಮುರಿಯುವ ಸದ್ದಿಗೆ ಒಣ ನುಗ್ಗೆ ಕೊಂಬೆ, ಒದ್ದೆ ಬಟ್ಟೆಯಲ್ಲಿ ಸುತ್ತಿ ಮುರಿಯಿರಿ. ಮಾಂಸ ಹರಿಯುವುದಕ್ಕೆ ಬಿಸಿ ಆರದ ರಾಗಿಮುದ್ದೆಯನ್ನು ಮೈಕಿನ ಹತ್ತಿರ ನಿಧಾನ ಬಿಡಿಸಿ, ಬೇರೆ ಯಾವ ಜಿಲ್ಲೆಯವರಿಗೂ ಇಷ್ಟು ಚೆನ್ನಾಗಿ ಸಿಗುವುದಿಲ್ಲ. ನರಳುವುದಕ್ಕೆ ಬಾವಿಯ ರಾಟೆಯನ್ನು ರೆಕಾರ್ಡ್ ಮಾಡಿ ಅರ್ಧ ವೇಗಕ್ಕೆ ಇಳಿಸಿ.

ಎದೆ ನಡುಗಿಸುವ 30–40 ಹರ್ಟ್ಸಿನ ಗುಡುಗು ಸ್ಟುಡಿಯೊದಲ್ಲಿ ಚೆಂದ, ಫೋನಿನ ಸ್ಪೀಕರಿನಲ್ಲಿ ಇಲ್ಲವೇ ಇಲ್ಲ. ನಿಮ್ಮ ಚಿತ್ರವನ್ನು ಹೆಚ್ಚಿನವರು ನೋಡುವುದು ಫೋನಿನಲ್ಲೇ. ಅದೇ ಸದ್ದಿನ ಒಂದು ಪದರ 150–300 ಹರ್ಟ್ಸಿನಲ್ಲೂ ಇರಲಿ. ಬೆಚ್ಚಿಸುವ ಸದ್ದು ಅದಕ್ಕೆ ಮೊದಲಿನ ಮಾತಿಗಿಂತ ಎಂಟು ಹತ್ತು ಡೆಸಿಬೆಲ್ ಮೇಲಿದ್ದರೆ ಸಾಕು. ಇಪ್ಪತ್ತು ಏರಿಸಿದರೆ ಜನ ಹೆದರುವುದಿಲ್ಲ, ಸಿಟ್ಟಾಗುತ್ತಾರೆ.

ನವರಾತ್ರಿಯಲ್ಲಿ ಮೈಸೂರು ನಗರದೊಳಗೆ ರಾತ್ರಿಯ ಸದ್ದು ಹಿಡಿಯಲು ಹೋಗಬೇಡಿ. ಧನುರ್ಮಾಸದಲ್ಲಿ, ಅಂದರೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ, ದೇವಸ್ಥಾನದ ಮೈಕು ಬೆಳಗಿನ ಜಾವವೇ ಶುರು. ಮಾತಿನ ದೃಶ್ಯಗಳೆಲ್ಲ ರಾತ್ರಿ ಒಂದರೊಳಗೆ ಮುಗಿಯಲಿ, ಎರಡರ ಮೇಲೆ ತಂಡವೂ ನಿಧಾನ.

ಕತ್ತರಿ ಹಾಕುವಾಗ, ತೋರಿಸುವಾಗ

ಖಾಲಿ ಪಡಸಾಲೆಯ ಒಂದೇ ಶಾಟನ್ನು ಚಿತ್ರದಲ್ಲಿ ಮೂರು ಸಲ ಬಳಸಿ, ಪ್ರತಿ ಸಲ ಹತ್ತು ಸೆಕೆಂಡು. ಮೊದಲ ಸಲ ಏನೂ ಆಗುವುದಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ಮೂರನೇ ಸೆಕೆಂಡಿಗೇ ಆಗಲಿ. ಕೊನೆಯ ಸೆಕೆಂಡಿಗೆ ಇಟ್ಟರೆ ಎಲ್ಲರೂ ಅಲ್ಲಿಗೇ ಕಾದಿರುತ್ತಾರೆ. ಬೆಚ್ಚಿಸುವ ಕಟ್ ಇಪ್ಪತ್ತು ನಿಮಿಷಕ್ಕೆ ಎರಡು ಸಾಕು, ಮೊದಲನೆಯದು ಸುಳ್ಳಿನದು ಬೇಡ. ಬೆಕ್ಕು ಹಾರಿ ಬೀಳುವುದನ್ನು ಕಂಡ ಮೇಲೆ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ. ದೆವ್ವದ ಮುಖ ತೋರಿಸಲೇಬೇಕಾದರೆ ಹನ್ನೆರಡು ಫ್ರೇಮು, ಫೋಕಸ್ಸಿನ ಹೊರಗೆ. ಏಳು ಸಾವಿರದ ಮೇಕಪ್ಪು ಹದಿಮೂರನೇ ಫ್ರೇಮಿನಲ್ಲಿ ಸಿಕ್ಕಿಬೀಳುತ್ತದೆ.

ಬಣ್ಣ ತಿದ್ದಿದ ಮೇಲೆ ಅಗ್ಗದ ಫೋನಿನಲ್ಲಿ, ಹಗಲು ಕಿಟಕಿಯ ಪಕ್ಕ ಕೂತು, ಬೆಳಕು ಅರ್ಧಕ್ಕಿಟ್ಟು ನೋಡಿ. ಅಲ್ಲಿ ಆಕಾರ ಕಾಣದಿದ್ದರೆ ಕಪ್ಪು ಭಾಗವನ್ನು ಸ್ವಲ್ಪ ಬೆಳಗಿಸಿ. ಯೂಟ್ಯೂಬಿಗೆ 1080ರ ಚಿತ್ರವನ್ನೂ 4ಕೆ ಗಾತ್ರಕ್ಕೆ ಹಿಗ್ಗಿಸಿ ಹಾಕಿ, ಕತ್ತಲ ದೃಶ್ಯ ಒಡೆಯುವುದು ಕಡಿಮೆಯಾಗುತ್ತದೆ.

ಹಾಕುವ ಮೊದಲು ಹತ್ತು ಜನರಿಗೆ ತೋರಿಸಿ. ಗೆಳೆಯರು ಬೇಡ, ಅವರು ಹೊಗಳುತ್ತಾರೆ. ಕಾಲೇಜು ಹುಡುಗರು ನಾಲ್ಕು, ನಡುವಯಸ್ಸಿನವರು ನಾಲ್ಕು, ಹಾರರ್ ನೋಡುವುದಿಲ್ಲ ಅನ್ನುವವರು ಇಬ್ಬರು. ನೀವು ಪರದೆಗೆ ಬೆನ್ನು ಹಾಕಿ ಅವರ ಮುಖ ನೋಡುತ್ತ ಕೂರಿ. ಯಾವ ನಿಮಿಷಕ್ಕೆ ಯಾರ ಕೈ ಫೋನಿಗೆ ಹೋಯಿತೆಂದು ಬರೆದುಕೊಳ್ಳಿ. ನಗೆ ಎಲ್ಲಿ ಬಂತೆಂದೂ ಬರೆಯಿರಿ. ಭಯ ಬಿಡಿಸಿಕೊಳ್ಳುವ ನಗೆ ಚಿಕ್ಕದು, ಪಕ್ಕದವರ ಕಡೆ ತಿರುಗಿ ನಗುತ್ತಾರೆ. ಗೇಲಿಯ ನಗೆ ಪರದೆ ಕಡೆಗೇ ಇರುತ್ತದೆ. ‘ಹೇಗಿತ್ತು’ ಅಂತ ಕೇಳಬೇಡಿ, ‘ಚೆನ್ನಾಗಿತ್ತು’ ಅನ್ನುತ್ತಾರೆ ಅಷ್ಟೆ. ‘ಅದು ಏನು ಮಾಡಲಾರದು?’ ಅಂತ ಕೇಳಿ. ಆರು ಜನ ನಿಮ್ಮ ಒಂದು ಪುಟದ ನಿಯಮವನ್ನು ತಮ್ಮ ಮಾತಲ್ಲಿ ಹೇಳಿದರೆ ಕತೆ ಮುಟ್ಟಿದೆ. ಆಮೇಲೆ ‘ಎಲ್ಲಿ ಬೇಜಾರಾಯ್ತು?’ ಇಬ್ಬರು ಒಂದು ಜಾಗ ಹೇಳಿದರೆ ಬಿಡಿ, ಐದು ಜನ ಅದೇ ಜಾಗ ಹೇಳಿದರೆ ಕತ್ತರಿಸಿ, ಅದು ನೀವು ಮಂಡಿವರೆಗೆ ಕೆಸರಲ್ಲಿ ನಿಂತು ತೆಗೆದ ಶಾಟಾದರೂ ಸರಿ.

‘ದೆವ್ವ ತೋರಿಸ್ಲಿಲ್ಲ’ ಅನ್ನುವವರು ಮೂವರಿದ್ದರೆ ಗಾಬರಿಯಾಗಿ ಇನ್ನೊಂದು ಶಾಟ್ ಸೇರಿಸಲು ಓಡಬೇಡಿ. ಮೊದಲ ಮೂರು ನಿಮಿಷಕ್ಕೆ ಹಿಂದೆ ಹೋಗಿ ನೋಡಿ. ಅಲ್ಲಿ ಜೋರು ಸಂಗೀತ, ಓಡುವ ಕ್ಯಾಮೆರಾ, ಕಿರುಚಾಟ ಇಟ್ಟು ಬೇರೆಯದೇ ಸಿನಿಮಾದ ಮಾತು ಕೊಟ್ಟಿರುತ್ತೀರಿ. ಅದನ್ನು ತೆಗೆದು ಅದೇ ಹತ್ತು ಜನರಂಥ ಬೇರೆ ಹತ್ತು ಜನರಿಗೆ ತೋರಿಸಿ. ಪೋಸ್ಟರಿಗೂ ಯೂಟ್ಯೂಬಿನ ಥಂಬ್‌ನೇಲಿಗೂ ಇದೇ ಲೆಕ್ಕ: ಚಿತ್ರದಲ್ಲಿ ಹನ್ನೆರಡು ಫ್ರೇಮು ಇರುವ ಮುಖವನ್ನು ಅಲ್ಲಿ ದೊಡ್ಡದಾಗಿ ಹಾಕಿದರೆ ಬರುವವರು ಆ ಮುಖಕ್ಕೇ ಬರುತ್ತಾರೆ, ಹತ್ತೊಂಬತ್ತು ನಿಮಿಷ ಅದನ್ನೇ ಕೇಳುತ್ತಾರೆ. ಸೊಪ್ಪು ಬಿಡಿಸುತ್ತಿರುವ ಅವ್ವ, ಹಿಂದೆ ತೆರೆದ ಹಿತ್ತಲ ಬಾಗಿಲು ಹಾಕಿ, ನೋಡುವವರು ಕಡಿಮೆ ಬರಬಹುದು, ಬಂದವರು ಕೂತು ನೋಡುತ್ತಾರೆ.